ಪೊರೆ ಬಿಡದ ಹೆಬ್ಬಾವಿನ ಎಡಗಣ್ಣು

೨೦೦೭ರಲ್ಲಿ ನಾನು ಹೊಸಪೇಟೆಯ ಒಂದು ಖಾಸಗಿ ಪಶು ಚಿಕಿತ್ಸಾಲಯದಲ್ಲಿ ಸಹಾಯಕಿಯಾಗಿದ್ದೆ. ಓದಿದ್ದು ನಾಲ್ಕನೇ ಕ್ಲಾಸು, ಮನೆ ಚಿತ್ತವಾಡ್ಗಿ. ನಾಯಿಯ ಬಾಯಿ ಕಟ್ಟುವುದು, ಎಮ್ಮೆಯ ಕಾಲು ಹಿಡಿಯುವುದು, ಚಿಮುಟದಿಂದ ಉಣ್ಣಿ ಕೀಳುವುದು ನನ್ನ ಕೆಲಸ. ಉಣ್ಣಿ ಕೀಳುವುದರಲ್ಲಂತೂ ನನ್ನ ಸಮ ಯಾರೂ ಇಲ್ಲವೆಂದು ನಾನೇ ಅಂದುಕೊಂಡಿದ್ದೆ.

ಇದನ್ನು ಇಷ್ಟು ವರ್ಷ ಬರೆದಿರಲಿಲ್ಲ. ಈಗ ಬರೆಸಿದವಳು ನನ್ನ ಮೊಮ್ಮಗಳು. ಹುಟ್ಟಿ ಹನ್ನೆರಡು ದಿನ! ಏನು ಕಣ್ಣು, ಏನು ಮುಷ್ಟಿ ಅವಳದು! ಹಾವಿನ ಕಥೆ ಬರೆಯಲು ಕುಳಿತರೂ ಪೆನ್ನು ಅವಳ ಕಡೆಗೇ ಓಡುತ್ತದೆ. ಮೊನ್ನೆ ಅವಳ ಅಂಗಾಲಿನ ಚರ್ಮ ತೆಳ್ಳಗೆ ಹಾಳೆಯಂತೆ ಏಳುತ್ತಿತ್ತು. ಹಸುಗೂಸುಗಳಿಗೆ ಹಾಗೆ ಆಗುತ್ತದೆ, ತಾನಾಗಿಯೇ ಹೋಗುತ್ತದೆ. ಬೀಗತಿ ಕಡಲೆಹಿಟ್ಟಿನ ಉಂಡೆ ಹಿಡಿದು ಉಜ್ಜಿ ತೆಗೆಯಲು ಕುಳಿತಿದ್ದರು.

"ಎಳೀಬ್ಯಾಡ್ರಿ!" ಎಂದು ನಾನು ಕೂಗಿದ ರಭಸಕ್ಕೆ ಅವರ ಕೈಯಲ್ಲಿದ್ದ ಉಂಡೆ ಬಿದ್ದುಹೋಯಿತು.

"ಏನ್ರೀ ಹಿಂಗ ಒದರ್ತೀರಿ? ನಾನೇನು ಕೂಸಿನ ತೊಗಲು ಸುಲಿಯಾಕ ಕುಂತೀನೇನು?" ಎಂದು ಮುನಿಸಿಕೊಂಡರು.

ಬಾಣಂತಿಯ ಕೋಣೆಯಲ್ಲಿ ಹೇಳುವ ಮಾತಲ್ಲವೆಂದು ಸುಮ್ಮನಾದೆ. ಇಲ್ಲಿ ಹೇಳುತ್ತೇನೆ.

ಅದು ಕಬ್ಬಿಣದ ಅದಿರಿನ ಕಾಲ. ಸಂಡೂರಿನ ಕಡೆಯಿಂದ ಲಾರಿಗಳು ಸಾಲುಗಟ್ಟಿ ಬರುತ್ತಿದ್ದವು. ಒಗೆದು ಹಾಕಿದ ಬಿಳಿ ಸೀರೆ ಒಣಗುವಷ್ಟರಲ್ಲಿ ಅದಿರಿನ ಧೂಳಿಗೆ ಕೆಂಪಾಗುತ್ತಿತ್ತು. ಕಂಪ್ಲಿಯಲ್ಲಿ ಅಕ್ಕಿ ವ್ಯಾಪಾರ ಮಾಡಿಕೊಂಡಿದ್ದ ಪಂಪಣ್ಣನವರು ಅದಿರಿಗೆ ಇಳಿದು, ಮಲಪನಗುಡಿಯ ಕಡೆ ಬಂಗಲೆ ಕಟ್ಟಿಸಿದ್ದರು. ಬಂದವರಿಗೆ ತೋರಿಸಲೆಂದು ಒಂದು ವಿದೇಶಿ ಹೆಬ್ಬಾವನ್ನು ತರಿಸಿ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ಮೂರೂವರೆ ಅಡಿ ಉದ್ದ, ಕಂದು ಮೈ, ಬಂಗಾರದ ಮಚ್ಚೆ. ಹೆದರಿದರೆ ತಲೆ ಒಳಗಿಟ್ಟುಕೊಂಡು ಚೆಂಡಿನಂತೆ ಸುತ್ತಿಕೊಳ್ಳುತ್ತಿತ್ತು. ವಿಷವಿಲ್ಲ, ಕಚ್ಚುವ ಸ್ವಭಾವವೂ ಇಲ್ಲ.

ಒಂದು ಭಾನುವಾರ ಕರೆ ಬಂತು. ಹಾವು ಪೊರೆ ಬಿಡುತ್ತಿಲ್ಲ, ಆಹಾರವನ್ನೂ ಮುಟ್ಟುತ್ತಿಲ್ಲ. ನಮ್ಮ ಚಿಕಿತ್ಸಾಲಯದ ಡಾಕ್ಟರಮ್ಮನ ಜೊತೆ ನಾನೂ ಹೋದೆ. ಹಾವು ಪೊರೆ ಬಿಡುವುದೆಂದರೆ ಮೂತಿಯಿಂದ ಬಾಲದವರೆಗೆ ಒಂದೇ ಚೀಲದಂತೆ ಕಳಚಬೇಕು. ಹಾವಿಗೆ ರೆಪ್ಪೆಯಿಲ್ಲ. ಕಣ್ಣಿನ ಮೇಲೆ ಗಾಜಿನಂಥ ಮುಚ್ಚಳ ಇರುತ್ತದೆ, ಅದಕ್ಕೆ ಐ ಕ್ಯಾಪ್ ಎನ್ನುತ್ತಾರೆ. ಅದರ ಮೇಲುಪದರವೂ ಪೊರೆಯ ಜೊತೆಯಲ್ಲೇ ಬರಬೇಕು. ಈ ಹಾವಿನ ಮೈಮೇಲೆ ಪೊರೆ ಹರಿದ ಕಾಗದದಂತೆ ತುಂಡುತುಂಡಾಗಿ ಅಂಟಿತ್ತು. ಎರಡೂ ಕಣ್ಣು ಸುಣ್ಣ ಬಳಿದ ಹಾಗೆ ಬೆಳ್ಳಗಿದ್ದವು.

ಮೈ ಮುಟ್ಟಿದ ಡಾಕ್ಟರಮ್ಮನ ಬೆರಳಿಗೆ ಬೂದಿ ಹತ್ತಿತು.

"ಇದೇನಿದು?"

ಪಂಪಣ್ಣನವರ ತಾಯಿ ಶರಣಮ್ಮನವರು ಮುಂದೆ ಬಂದರು. "ವಿಭೂತಿ ರೀ. ದಿನಾ ಪೂಜಿ ಮುಗಿಸಿ ನಾ ಹಚ್ಚಿಕೊಂಡ ಮ್ಯಾಲೆ ಅದಕ್ಕೂ ಮೂರೆಳಿ ಹಚ್ತೀನಿ. ಶಿವನ ಕೊರಳಾಗಿನದು, ಬರೇ ಮೈಯಾಗ ಇರಬಾರದಲ್ರೀ."

ಧೂಳಿಗೆ ಹೆದರಿ ಆ ಮನೆಯಲ್ಲಿ ಕಿಟಕಿಯನ್ನೇ ತೆಗೆಯುತ್ತಿರಲಿಲ್ಲ. ಹಗಲೂ ರಾತ್ರಿ ಎಸಿ. ಗಾಳಿಯಲ್ಲಿ ಪಸೆಯಿಲ್ಲ, ಮೈಮೇಲಿನ ಪಸೆಯನ್ನು ವಿಭೂತಿ ಹೀರುತ್ತಿತ್ತು. ಪೊರೆ ಒಣಗಿ ಕಚ್ಚಿಕೊಂಡಿತ್ತು. ಡಾಕ್ಟರಮ್ಮ ಎರಡನ್ನೂ ನಿಲ್ಲಿಸಿದರು. ದಿನಕ್ಕೆ ಅರ್ಧ ಗಂಟೆ ಉಗುರುಬೆಚ್ಚಗಿನ ನೀರಲ್ಲಿ ಇಡಬೇಕು, ಆಮೇಲೆ ಒದ್ದೆ ಟವೆಲಿನ ಮಡಿಕೆಯಲ್ಲಿ ಅದೇ ತೂರಿಕೊಂಡು ಹೋಗಲಿ ಎಂದರು. ಆ ಕೆಲಸ ನನ್ನದು. ಸಂಡೂರಿನ ಒಂದು ಹಳ್ಳಿಯಲ್ಲಿ ಎಮ್ಮೆಗಳಿಗೆ ರೋಗ ಬಂದು ಅವರು ಅತ್ತ ಹೊರಟಿದ್ದರು. ಹೊರಡುವಾಗ ಮತ್ತೊಮ್ಮೆ ಹೇಳಿದರು: "ಕಣ್ಣು ಮಾತ್ರ ಮುಟ್ಟಬೇಡ, ಹುಲಿಗೆಮ್ಮ. ಈ ಸಲ ಬರದಿದ್ದರೆ ಮುಂದಿನ ಪೊರೆಯ ಜೊತೆ ಬರುತ್ತೆ."

ಸೋಮವಾರ ಬಾಲದ ಕಡೆಯ ಪೊರೆ ಟವೆಲಿನಲ್ಲೇ ಉಳಿಯಿತು. ಮಂಗಳವಾರ ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಸ್ವಚ್ಛವಾಗಿ, ಬಲಗಣ್ಣಿನ ಪದರವೂ ಬಂತು. ಕಪ್ಪು ಮಣಿಯಂತೆ ಹೊಳೆಯುವ ಕಣ್ಣು! ಎಡಗಣ್ಣು ಮಾತ್ರ ಬೆಳ್ಳಗೇ ಉಳಿಯಿತು.

ಪಂಪಣ್ಣನವರು ಬಂದು ಬಗ್ಗಿ ನೋಡಿದರು. "ಸಂಜಿಗೆ ಮಂದಿ ಬರ್ತಾರವಾ. ಒಂದು ಕಣ್ಣು ಕರ್ರಗ, ಒಂದು ಬೆಳ್ಳಗ. ನೋಡಿ ನಕ್ಕೊಂತ ಹೋಗ್ಲೇನು? ಜಲ್ದಿ ಮುಗಸು."

"ಡಾಕ್ಟರಮ್ಮ ಮುಟ್ಟಬ್ಯಾಡ ಅಂದಾರ್ರೀ."

"ನಿನ್ನ ಕೈಯಾಗ ಉಣ್ಣಿ ತಾನೇ ಉದುರತೈತಂತ, ಊರೆಲ್ಲಾ ಹೇಳ್ತಾರ. ಇದೊಂದು ಸಿಪ್ಪಿ ಭಾಳ ಆತೇನು ನಿನಗ?"

ಫೋನು ಬಂತೆಂದು ಅವರು ಹೊರಗೆ ಹೋದರು. ಕೋಣೆಯಲ್ಲಿ ನಾನು, ಹಾವು. ಹೊಗಳಿಕೆ ಎಂಥ ಕೆಟ್ಟದ್ದು ನೋಡಿ, ಬೈದಿದ್ದರೆ ನಾನು ಖಂಡಿತ ಮುಟ್ಟುತ್ತಿರಲಿಲ್ಲ. ಚಿಮುಟ ತೆಗೆದು, ಪದರದ ಅಂಚು ಹಿಡಿದು ಎಳೆದೆ. ಬಂತು. ಅದರ ಹಿಂದೆಯೇ ಸಾಸಿವೆ ಕಾಳಿನಷ್ಟು ರಕ್ತ ಬಂತು. ಮೇಲುಪದರದ ಜೊತೆ ಒಳಗಿನ ಮುಚ್ಚಳವನ್ನೂ ಹರಿದಿದ್ದೆ. ನಾಯಿಯಾಗಿದ್ದರೆ ಕಿರುಚಿ ಮನೆಯವರನ್ನೆಲ್ಲ ಕರೆಯುತ್ತಿತ್ತು. ಹಾವಿಗೆ ಕಿರುಚುವ ದನಿಯೇ ಇಲ್ಲ. ಚೆಂಡಾಗಿ ಸುತ್ತಿಕೊಂಡು ಆ ಕಣ್ಣನ್ನು ಒಳಗೆ ಬಚ್ಚಿಟ್ಟುಕೊಂಡಿತು. ನಾನು ರಕ್ತ ಒರೆಸಿ ಹತ್ತಿಯನ್ನು ಸೆರಗಿನ ತುದಿಗೆ ಕಟ್ಟಿಕೊಂಡೆ.

ಬುಧವಾರ ಡಾಕ್ಟರಮ್ಮ ಬಂದು, ಸುತ್ತು ಸಡಿಲಿಸಿ ಎಡಗಣ್ಣು ನೋಡಿ ಕೇಳಿದರು: "ತಾನಾಗೇ ಬಂತಾ?"

"ಹೂಂ ಅಮ್ಮ. ನೀರಾಗ ನೆನೆದು ಬಂತು. ಆಮ್ಯಾಲೆ ಪೆಟ್ಟಿಗ್ಯಾಗಿನ ಕಲ್ಲಿಗೆ ಉಜ್ಜಿಕೊಂತು."

ಅವರು ನನ್ನ ಮಾತು ನಂಬಿದರು. ಕಣ್ಣಿಗೆ ಹನಿ ಔಷಧ ಬರೆದುಕೊಟ್ಟರು. ಒಣಗಿದ ಮೈಯಲ್ಲವೇ, ತುರಿಕೆಗೆ ಉಜ್ಜಿಕೊಂಡಿದೆ ಎಂದು ಶರಣಮ್ಮನವರಿಗೂ ಹೇಳಿದರು. ಶರಣಮ್ಮ ವಿಭೂತಿ ಹಚ್ಚುತ್ತಿದ್ದ ತಮ್ಮ ಬೆರಳುಗಳನ್ನೇ ನೋಡಿಕೊಂಡರು.

ಶನಿವಾರ ಹಾವಿನ ತಲೆಯ ಎಡಭಾಗ ಊದಿತು. ಪೆಟ್ಟಿಗೆಯನ್ನು ಚಿಕಿತ್ಸಾಲಯಕ್ಕೇ ತಂದೆವು. ಕಣ್ಣಿನ ಒಳಗೆ ಕೀವು ತುಂಬಿತ್ತು. ಡಾಕ್ಟರಮ್ಮ ಇಂಜೆಕ್ಷನ್ ಶುರು ಮಾಡಿದರು. ಮುಂದಿನ ಮಂಗಳವಾರ ಬೆಳಿಗ್ಗೆ ನಾನು ಬಾಗಿಲು ತೆಗೆದಾಗ, ಒಂದು ವಾರದಿಂದ ತಾನಾಗಿ ಬಿಚ್ಚದ ಆ ಸುತ್ತು ಬಿಚ್ಚಿಕೊಂಡು ಹಾವು ನೆಟ್ಟಗೆ ಚಾಚಿ ಬಿದ್ದಿತ್ತು.

ಖಾಲಿ ಪೆಟ್ಟಿಗೆ ಮುಟ್ಟಿಸಲು ಬಂಗಲೆಗೆ ಹೋದೆ. ಪಂಪಣ್ಣನವರು, "ಹೋಗ್ಲಿ ಬಿಡು, ಇನ್ನೊಂದು ತರಸ್ತೀನಿ" ಎಂದು ಕಾರು ಹತ್ತಿದರು. ಶರಣಮ್ಮನವರು ಪಡಸಾಲೆಯಲ್ಲಿ ಕುಳಿತಿದ್ದರು. ಅವರ ಹಣೆ ಬರಿದಾಗಿತ್ತು. ಬುದ್ಧಿ ತಿಳಿದಾಗಿನಿಂದ ವಿಭೂತಿಯಿಲ್ಲದೆ ನೀರೂ ಕುಡಿಯದ ಮನುಷ್ಯರು ಅವರು.

"ಯಾಕ್ರಮ್ಮಾ, ಹಣಿ ಹಿಂಗೈತಿ?"

"ನನ್ನ ಬೂದಿಯಿಂದ ಒಂದು ಜೀವ ಹೋತಲ್ಲ. ಇನ್ನ ಯಾವ ಮುಖಕ್ಕ ಹಚ್ಚಿಕೊಳ್ಳಲಿ?"

ಅಲ್ಲೇ ನೆಲಕ್ಕೆ ಕುಳಿತು ಎಲ್ಲ ಹೇಳಿದೆ. ಚಿಮುಟ, ರಕ್ತ, ಸುಳ್ಳು ಎಲ್ಲವನ್ನೂ. ಶರಣಮ್ಮನವರು ನನ್ನ ಕಡೆ ತಿರುಗಿ ಕುಳಿತರು.

"ಡಾಕ್ಟರಿಗೆ ಹೇಳಿದೇನು?"

"ಇಲ್ರೀ."

"ಮತ್ತ ನನಗ್ಯಾಕ ಹೇಳಾಕ ಬಂದಿ? ನನ್ನ ಸಮಾಧಾನಕ್ಕೋ, ನಿಂದಕ್ಕೋ? ಏಳು. ಮದ್ಲು ಅಲ್ಲಿ ಹೋಗಿ ಹೇಳು."

ಹೋದೆ. ಡಾಕ್ಟರಮ್ಮ ರಿಜಿಸ್ಟರ್ ಬರೆಯುತ್ತಿದ್ದವರು ಕೇಳಿ ಪೆನ್ನು ಕೆಳಗಿಟ್ಟರು. ಕೂಗಾಡಲಿಲ್ಲ. ಕೂಗಾಡಿದ್ದರೆ ಹಗುರಾಗುತ್ತಿತ್ತು.

"ಕಲ್ಲಿಗೆ ಉಜ್ಜಿದ ಗಾಯ ಅಂತ ನಾನು ಔಷಧ ಕೊಟ್ಟೆ, ಹುಲಿಗೆಮ್ಮ. ಹರಿದಿದೆ ಅಂತ ಗೊತ್ತಿದ್ದರೆ ಶನಿವಾರದ ಇಂಜೆಕ್ಷನ್ ಬುಧವಾರವೇ ಕೊಡ್ತಿದ್ದೆ."

"ಉಳೀತಿತ್ತೇನಮ್ಮ?"

"ಗೊತ್ತಿಲ್ಲ. ಮೂರು ದಿನ ಇತ್ತು ನಮಗೆ."

ಕೆಲಸದಿಂದ ತೆಗೆಯಲಿಲ್ಲ. ಆಮೇಲೆ ಹನ್ನೊಂದು ವರ್ಷ ಅಲ್ಲೇ ದುಡಿದೆ. ನಾಯಿಯ ಉಗುರು ತಪ್ಪಿ ಕತ್ತರಿಸಿದಾಗ, ಔಷಧದ ಅಳತೆ ಹೆಚ್ಚಾದಾಗ, ಡಾಕ್ಟರಮ್ಮ ಚಪ್ಪಲಿ ಬಿಡುವ ಮೊದಲೇ ಹೇಳಿದ್ದೇನೆ. ಬೇಕಾದಷ್ಟು ಬೈಸಿಕೊಂಡಿದ್ದೇನೆ. ತಪ್ಪು ಯಾವ ಕೈಯಿಂದಲೂ ಆಗುತ್ತದೆ. ಆದರೆ ಮೂಕ ಪ್ರಾಣಿಯ ಜೊತೆ ಕೆಲಸ ಮಾಡುವವರು ತಮ್ಮ ತಪ್ಪನ್ನು ನುಂಗಿಕೊಂಡರೆ, ಅದಕ್ಕೆ ಏನಾಯಿತೆಂದು ಹೇಳಲು ಇನ್ನು ಯಾರೂ ಉಳಿಯುವುದಿಲ್ಲ. ಆ ಹೆಬ್ಬಾವಿನ ಪರವಾಗಿ ಮಾತಾಡಲು ಕಣ್ಣು ಹರಿದ ಆ ಮಂಗಳವಾರ ಕೋಣೆಯಲ್ಲಿ ಇದ್ದವಳು ನಾನೊಬ್ಬಳೇ.