ಬೀಡಿ ಕಟ್ಟಿದ ಬೆರಳಿಗೆ ಕೂಲರಿನ ಕೆಲಸ

ಬೆಳಗಿನ ಆರೂವರೆ. ಮಣಿಪಾಲದ ಆ ಓಣಿಯಲ್ಲಿ ಹಾಲಿನ ಕ್ರೇಟು ಇಳಿಸುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಕಂಪ್ಯೂಟರ್ ರಿಪೇರಿ ಅಂಗಡಿಯ ಶಟರನ್ನು ಅರ್ಧ ಎತ್ತಿ ಒಳಗೆ ನುಸುಳಿದ ರತ್ನಾವತಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಗ್ರಾಫಿಕ್ಸ್ ಕಾರ್ಡೊಂದನ್ನು ಮೇಜಿನ ಮೇಲೆ ಮಗುಚಿ ಇಡುತ್ತಾರೆ. ಪರದೆಯ ಮೇಲೆ ಚಿತ್ರ ಮೂಡಿಸುವ ಭಾಗ ಅದು. ಆಟವಾಡುವ, ಅನಿಮೇಷನ್ ಕಲಿಯುವ ವಿದ್ಯಾರ್ಥಿಗಳು ದುಡಿಸಿ ದುಡಿಸಿ ಅದು ಕಾದು ಕೆಂಡವಾಗುತ್ತದೆ. ಜೊತೆಗೆ ಬಂದ ಫ್ಯಾನು ಸಾಲದಾದಾಗ ಅದನ್ನು ಕಳಚಿ, ಬೇರೆ ದೊಡ್ಡ ಕೂಲರ್ ಕೂರಿಸುವುದು ಐವತ್ತೆರಡರ ಈ ಹೆಂಗಸಿನ ಕೆಲಸ.

“ಬೆಳಿಗ್ಗೆಯಾದ್ರೆ ಕೈ ಬೆವರುದಿಲ್ಲ. ಹತ್ತು ಗಂಟೆ ಆದ ಮೇಲೆ ನಮ್ಮ ಊರಿನ ಸೆಕೆ ಗೊತ್ತುಂಟಲ್ವಾ? ಕಾರ್ಡಿನ ಮೇಲೆ ಒಂದು ಹನಿ ಬಿದ್ರೆ ಕತೆ ಮುಗೀತು.”

ಚಿಪ್ಪಿನ ಬಿಸಿಯನ್ನು ಕೂಲರಿಗೆ ದಾಟಿಸುವ ಹಳೆಯ ಪೇಸ್ಟನ್ನು ಸ್ಪಿರಿಟಿನಲ್ಲಿ ಒರೆಸಿ, ಹೊಸದನ್ನು ತೆಳ್ಳಗೆ ಸವರಿ, ಕೂಲರ್ ಇಟ್ಟು, ನಾಲ್ಕು ಸ್ಕ್ರೂಗಳನ್ನು ಮೂಲೆಯಿಂದ ಎದುರು ಮೂಲೆಗೆ ಅರ್ಧರ್ಧ ಸುತ್ತು ತಿರುಗಿಸುತ್ತಾರೆ. ಎಷ್ಟು ಬಿಗಿ ಎಂದು ಅವರಿಗೆ ಯಾರೂ ಕಲಿಸಿಲ್ಲ. “ಬೀಡಿಗೆ ನೂಲು ಸುತ್ತಿದ ಹಾಗೆ. ಸಡಿಲ ಆದ್ರೆ ಹೊಗೆಸೊಪ್ಪು ಉದುರ್ತದೆ, ಬಿಗಿ ಆದ್ರೆ ಎಲೆ ಹರೀತದೆ.”

ಇಪ್ಪತ್ತು ವರ್ಷ ಸಂತೆಕಟ್ಟೆಯಲ್ಲಿ, ನೆರೆಮನೆಯ ಸುಭಾಷಿಣಿಯ ಜಗಲಿಯಲ್ಲಿ ಕೂತು ದಿನಕ್ಕೆ ಎಂಟುನೂರು ಬೀಡಿ ಕಟ್ಟಿದ ಕೈ ಅದು. ವಾರಕ್ಕೆ ಎರಡೇ ದಿನ ಎಲೆ ಸಿಗುವಂತಾದಾಗ ಜಗಲಿ ಬರಿದಾಯಿತು. ರತ್ನಾವತಿ ಈ ಅಂಗಡಿಗೆ ಗುಡಿಸಲು ಬಂದರು. ಒಂದು ದಿನ ಇಕ್ಕಳಕ್ಕೂ ಸಿಗದೆ ಕಂಪ್ಯೂಟರಿನೊಳಗೆ ಬಿದ್ದಿದ್ದ ಸಣ್ಣ ಸ್ಕ್ರೂವನ್ನು ಅವರು ಬೆರಳ ತುದಿಯಲ್ಲೇ ಎತ್ತಿಕೊಟ್ಟದ್ದನ್ನು ಕಂಡ ಮಾಲೀಕ ಪ್ಯಾಟ್ರಿಕ್, ಮರುದಿನ ಪೊರಕೆಯ ಬದಲು ಸ್ಕ್ರೂಡ್ರೈವರ್ ಕೊಟ್ಟರು.

ಮೊದಲ ವಾರ ಒಂದು ಎಡವಟ್ಟಾಯಿತು. ಚಿಪ್ಪಿನ ಮೇಲೆ ಅಂಟಿಸುವ ಮೆತ್ತನೆಯ ಪ್ಯಾಡುಗಳನ್ನು ರತ್ನಾವತಿ ಸಂಜೆ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು ಹೋದರು. ಬೀಡಿ ಎಲೆ ಹಾಗೆ ಇಡದಿದ್ದರೆ ಒಣಗಿ ಸೀಳಿಹೋಗುತ್ತದೆ. ಇದೂ ಹಾಗೆಯೇ ಅಂದುಕೊಂಡಿದ್ದರು. ಬೆಳಿಗ್ಗೆ ನೋಡಿದ ಪ್ಯಾಟ್ರಿಕ್ ಯಾರನ್ನೂ ಕರೆದು ತೋರಿಸಲಿಲ್ಲ. ಪ್ಯಾಡುಗಳನ್ನು ಬಿಸಾಡಿ, ಬಟ್ಟೆಯನ್ನು ಹಿಂಡಿ ಕಿಟಕಿಗೆ ಒಣಹಾಕಿ, “ಇದಕ್ಕೆ ನೀರು ಬೇಡ ರತ್ನಕ್ಕ” ಎಂದಷ್ಟೇ ಹೇಳಿದರು.

ಆರು ವರ್ಷವಾಯಿತು. ದಿನಕ್ಕೆ ಎರಡು, ಹೆಚ್ಚೆಂದರೆ ಮೂರು ಕಾರ್ಡು. ಕೆಲಸದ ಬಗ್ಗೆ ದೂರಿಲ್ಲ. ಕೊರತೆ ಬೇರೆ. ಜಗಲಿಯಲ್ಲಿ ಕೈ ಒಂದು ಕಡೆ, ಬಾಯಿ ಒಂದು ಕಡೆ ಓಡುತ್ತಿತ್ತು. ಇಲ್ಲಿ ಹುಡುಗರೆಲ್ಲ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕೂರುತ್ತಾರೆ. ಒಂದು ವರ್ಷದಿಂದ ರತ್ನಾವತಿ ಪ್ಯಾಟ್ರಿಕ್ ಹತ್ತಿರ ಕೇಳುತ್ತಿರುವುದು ಒಂದೇ: ಪಕ್ಕಕ್ಕೆ ಇನ್ನೊಂದು ಸ್ಟೂಲು, ಅದರ ಮೇಲೆ ಸುಭಾಷಿಣಿ.

ಒಂದು ಪರೀಕ್ಷೆ ಮಾಡಿ ನೋಡುವ ಎಂದು ಪ್ಯಾಟ್ರಿಕ್ ಕೊನೆಗೂ ಒಪ್ಪಿದ್ದಾರೆ. ಇವತ್ತು ಆ ಪರೀಕ್ಷೆ. ಏಳೂವರೆಗೆ ಸುಭಾಷಿಣಿ ಬರುತ್ತಾರೆ, ಮದುವೆಗೆ ಉಡುವ ಸೀರೆಯಲ್ಲಿ.

“ಎಂತ ಅಕ್ಕ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?” ರತ್ನಾವತಿ ಕಿಚಾಯಿಸುತ್ತಾರೆ.

“ಬಾಯಿ ಮುಚ್ಚು ಮಾರಾಯ್ತಿ. ಕೂರುದು ಎಲ್ಲಿ ಹೇಳು.”

ಪ್ಯಾಟ್ರಿಕ್ ಒಂದು ಹಳೆಯ ಕಾರ್ಡು, ಒಂದು ಹೊಸ ಕೂಲರ್ ಕೊಡುತ್ತಾರೆ. ಬಿಸಿ ಎಂಬತ್ತು ಡಿಗ್ರಿ ದಾಟದಿದ್ದರೆ ಕೆಲಸ. ರತ್ನಾವತಿ ಬಾಯಿ ಹಾಕುವಂತಿಲ್ಲ.

ಸುಭಾಷಿಣಿಯ ಬೆರಳುಗಳು ಏನನ್ನೂ ಮರೆತಿಲ್ಲ. ಪೇಸ್ಟು ಹದವಾಗಿ ಹರಡುತ್ತದೆ, ಸ್ಕ್ರೂಗಳು ಸಮನಾಗಿ ಕೂರುತ್ತವೆ. ಆದರೆ ಹೊಸ ಕೂಲರಿನ ತಳಕ್ಕೆ ಅಂಟಿದ ತೆಳು ಪ್ಲಾಸ್ಟಿಕ್ ಹಾಗೇ ಇದೆ. ರತ್ನಾವತಿ ನೋಡುತ್ತಾರೆ. ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗುತ್ತಾರೆ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಓಡಿಸಿದಾಗ ಪರದೆಯ ಮೇಲೆ ಬಿಸಿಯ ಅಂಕಿ ಏರುತ್ತದೆ. ಅದು ಸುಭಾಷಿಣಿಗೆ ಕಾಣುತ್ತಿಲ್ಲ ಎಂದು ಗಮನಿಸಿದ ಪ್ಯಾಟ್ರಿಕ್ ತಾವೇ ಓದತೊಡಗುತ್ತಾರೆ, “ಅರವತ್ತು... ಎಪ್ಪತ್ತೈದು... ಎಂಬತ್ತೆಂಟು.” ಫ್ಯಾನು ಕಿರುಚುತ್ತದೆ. ಅವರು ಸ್ವಿಚ್ ಆರಿಸಿ, ಕೂಲರ್ ಕಳಚಿ, ಆ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎಬ್ಬಿಸಿ ತೋರಿಸುತ್ತಾರೆ.

“ಎಂತ ಅದು?”

“ಪೊರೆ, ಅಕ್ಕ. ಇದನ್ನು ತೆಗೀದಿದ್ರೆ ಬಿಸಿ ಹೊರಗೆ ಹೋಗುದಿಲ್ಲ.”

ಸುಭಾಷಿಣಿ ನಕ್ಕುಬಿಡುತ್ತಾರೆ. “ನನ್ನ ಕಣ್ಣಿಗೂ ಪೊರೆ, ನಿಮ್ಮ ಕೂಲರಿಗೂ ಪೊರೆ. ಒಂದಕ್ಕೊಂದು ಕಾಣುದು ಹೇಗೆ ಮಾರಾಯ್ರೆ?”

ಪ್ಯಾಟ್ರಿಕ್ ನಗುವುದಿಲ್ಲ. “ಮೊದಲು ಆ ಪೊರೆ ತೆಗೆಸಿಕೊಂಡು ಬನ್ನಿ. ಕೈ ಸರಿ ಉಂಟು ನಿಮ್ಮದು.”

“ಆಪರೇಷನ್ನಾ? ನೋಡುವ” ಎನ್ನುತ್ತಾರೆ ಸುಭಾಷಿಣಿ. ಎರಡು ವರ್ಷದಿಂದ ಅವರು ಹೇಳುತ್ತಿರುವುದು ಇದನ್ನೇ. ಕಣ್ಣಿಗೆ ಕತ್ತರಿ ಎಂದರೆ ಅವರಿಗೆ ಜೀವಭಯ. ರತ್ನಾವತಿ ಬಸ್ ಸ್ಟಾಪಿನವರೆಗೆ ಕೈಹಿಡಿದು ನಡೆಸಿ, ಸೀಟು ಸಿಕ್ಕಿತೆಂದು ಖಾತ್ರಿಯಾದ ಮೇಲೆ ಹಿಂತಿರುಗುತ್ತಾರೆ. ಮುಂದಿನ ಕಾರ್ಡನ್ನು ಮಗುಚಿ ಇಡುತ್ತಾರೆ.

ಆಸ್ಪತ್ರೆಗೆ ಜೊತೆಗೆ ಹೋಗಲು ರತ್ನಾವತಿ ರಜೆ ಕೇಳಿದ್ದಾರಂತೆ. ಸುಭಾಷಿಣಿ ಮಾತ್ರ ಇನ್ನೂ ದಿನ ಹೇಳಿಲ್ಲ. ಸುಭಾಷಿಣಿಯೇ ಬೇಕೆಂದು ಅಷ್ಟೊಂದು ಯಾಕೆ ಹಟ ಎಂದರೆ ರತ್ನಾವತಿ ಸ್ಕ್ರೂಡ್ರೈವರ್ ಕೆಳಗಿಡುತ್ತಾರೆ.

“ಕೆಲಸ ನಾನೊಬ್ಬಳೇ ಮಾಡ್ತೇನೆ, ಅದಕ್ಕೇನಿಲ್ಲ. ಆದ್ರೆ ಫ್ಯಾನಿನ ಹತ್ತಿರ ಎಷ್ಟು ಅಂತ ಮಾತಾಡುದು?”