ಮೂರು ಕಂಪ್ಯೂಟರುಗಳ ಸರದಿ ಕಾದ ಲಾಡಸಾಬ

ಗೋವಾದಲ್ಲಿ ನಮ್ಮ ಫಾತೋರ್ಡಾದ ಪಾರ್ಸೆಲ್ ಆಫೀಸಿಗೆ ಲಾಡಸಾಬ ಹಮಾಲನಾಗಿ ಸೇರಿದವನು. ಒಮ್ಮೆ ಕೆಟ್ಟು ನಿಂತ ಕಂಪ್ಯೂಟರಿನ ಧೂಳನ್ನು ಅವನು ಜಾಡಿಸಿದಾಗ ಅದು ಮತ್ತೆ ಶುರುವಾಯಿತು. ಮಾಲೀಕ ಅಬ್ದುಲಗನಿ ಶೇಟರು ಅವನನ್ನು ಕಂಪ್ಯೂಟರ್ ವಿಭಾಗದ ಮುಖ್ಯಸ್ಥನೆಂದು ಸಾರಿದರು. ವಿಭಾಗದಲ್ಲಿ ಅವನೊಬ್ಬನೇ ಇದ್ದ. ಗಂಟು ಹೊರುವ ಕೆಲಸವೂ ತಪ್ಪಲಿಲ್ಲ.

ಗದಗ, ವಿಜಯಪುರದ ಕಡೆಯಿಂದ ಇಲ್ಲಿ ದುಡಿಯಲು ಬಂದವರಿಗೆ ಊರಿನ ಜೋಳದ ಹಿಟ್ಟು, ಕೌದಿ, ಕಾಗದಪತ್ರಗಳೆಲ್ಲ ಈ ಆಫೀಸಿಗೇ ಬರುತ್ತವೆ. ಗಂಟಿನ ಮೇಲೆ ಹೆಸರಿದ್ದರೆ ಹಳ್ಳಿ ಅಂಗಡಿಯಂತೆ ಕಾಣುತ್ತದೆಂದು ಶೇಟರು ಬರೀ ನಂಬರು ಅಂಟಿಸಲು ಹೇಳಿದ್ದರು. ಯಾವ ನಂಬರು ಯಾರದೆಂಬುದು ಪರ್ವರಿ, ಫಾತೋರ್ಡಾ, ಕುಡಚಡೆಯಲ್ಲಿದ್ದ ಶೇಟರ ಮೂರು ಆಫೀಸುಗಳ ಮೂರು ಕಂಪ್ಯೂಟರುಗಳಿಗೆ ಮಾತ್ರ ಗೊತ್ತು. ಒಂದರಲ್ಲಿ ಬರೆದದ್ದನ್ನು ಉಳಿದೆರಡೂ ತಾವೇ ಬರೆದುಕೊಳ್ಳುತ್ತಿದ್ದವು. ಒಂದು ನಿಂತರೆ ಎರಡು ಸೇರಿ ಕೆಲಸ ನಡೆಸುತ್ತಿದ್ದವು. ಎರಡು ನಿಂತರೆ ಮೂರನೆಯದು ಒಂಟಿಯಾಗಿ ಏನನ್ನೂ ಹೇಳುತ್ತಿರಲಿಲ್ಲ.

ಇವಕ್ಕೆ ಹೊಸ ಆವೃತ್ತಿ ಹಾಕಬೇಕೆಂದು ಸಾಫ್ಟ್‌ವೇರ್ ಕಂಪನಿಯವರು ತಿಳಿಸಿದರು. ಮೊದಲು ಮಾಹಿತಿಯ ನಕಲು ತೆಗೆದಿಡಬೇಕು. ಆ ನಕಲು ತೆರೆಯುತ್ತದೆಯೇ ಎಂದು ಬೇರೆ ಕಂಪ್ಯೂಟರಿನಲ್ಲಿ ನೋಡಬೇಕು. ಆಮೇಲೆ ಒಂದೊಂದನ್ನೇ ಬದಲಿಸಬೇಕು. ಒಂದು ಎದ್ದು, ತಪ್ಪಿಹೋದದ್ದನ್ನೆಲ್ಲ ಬರೆದುಕೊಂಡು ಮುಗಿಸುವ ತನಕ ಇನ್ನೊಂದನ್ನು ಮುಟ್ಟಬಾರದು. ಲಾಡಸಾಬ ನಕಲು ತೆಗೆದ, ತೆರೆದು ನೋಡಿದ, ನಂಬಿಕೆಯಾಗದೆ ಮತ್ತೊಮ್ಮೆ ತೆರೆದು ನೋಡಿದ.

ಕಷ್ಟವಾದದ್ದು ಸರದಿ. ಪರ್ವರಿ ಆಫೀಸಿನ ಮಾಂತೇಶ, ತನ್ನಲ್ಲಿ ಎಸಿ ಇದೆ, ಆದ್ದರಿಂದ ತಾನೇ ಮೊದಲು ಎಂದ. ಕುಡಚಡೆಯ ದೇವು, ತನ್ನಲ್ಲಿ ರೈಲ್ವೆ ಸ್ಟೇಷನ್ನೇ ಇದೆ ಎಂದ. ಶೇಟರು ಪರ್ವರಿಯನ್ನು ಆರಿಸಿದರು. ಅಲ್ಲಿ ಫೋಟೋ ಚೆನ್ನಾಗಿ ಬರುತ್ತದಂತೆ.

ಪರ್ವರಿಯದನ್ನು ಬದಲಿಸುವ ದಿನವೇ ಹನುಮವ್ವ ಕಟ್ಟಡದ ಕೆಲಸಕ್ಕೆ ರಜೆ ಹಾಕಿ ಕೌಂಟರಿಗೆ ಬಂದಳು. ಮಗಳ ಟಿ.ಸಿ. ಊರಿಂದ ಬಂದಿತ್ತು. ಅದನ್ನು ಮಧ್ಯಾಹ್ನದೊಳಗೆ ಕೊಡದಿದ್ದರೆ ಶಾಲೆಯ ಸೀಟು ಬೇರೆಯವರಿಗೆ ಹೋಗುತ್ತಿತ್ತು. ಲಾಡಸಾಬ ಅವಳ ಹೆಸರು ಒತ್ತುವಷ್ಟರಲ್ಲಿ ಕಂಪ್ಯೂಟರು ಸುಮ್ಮನಾಯಿತು.

ಪರ್ವರಿಯ ಕಂಪ್ಯೂಟರು ಹೊಸ ಆವೃತ್ತಿಯಲ್ಲಿ ಎದ್ದು ಇನ್ನೂ ಬರೆದುಕೊಳ್ಳುತ್ತಿತ್ತು; ಮುಗಿಯುವ ತನಕ ಅದು ಲೆಕ್ಕಕ್ಕಿರಲಿಲ್ಲ. ಅಷ್ಟರಲ್ಲೇ ಮಾಂತೇಶ ತೆಂಗಿನಕಾಯಿ ಒಡೆದು ‘ಗೋವಾದಲ್ಲೇ ಮೊದಲು’ ಎಂದು ಸ್ಟೇಟಸ್ ಹಾಕಿದ್ದ. ಅದನ್ನು ನೋಡಿ ತಡೆಯಲಾರದೆ ದೇವು ಕುಡಚಡೆಯದನ್ನೂ ಬಂದ್ ಮಾಡಿದ್ದ.

ಲಾಡಸಾಬ ಫೋನ್ ಹಚ್ಚಿದ. “ದೇವಣ್ಣಾರ, ಹೊಸಾದು ಹಾಕಬ್ಯಾಡ್ರಿ. ಹಳೇದರಾಗ ಚಾಲೂ ಮಾಡ್ರಿ. ಇಲ್ಲಿ ಎಲ್ಲಾ ನಿಂತೈತಿ.”

“ನಿಲ್ಲಲಿ! ಅಂವ ಕಾಯಿ ಒಡದಾನ, ನಾ ಇಲ್ಲಿ ಶೇಂಗಾ ಸುಲಕೋಂತ ಕುಂದರ್ಲೇನು?”

ಹನುಮವ್ವ ಕೌಂಟರಿನ ಮೇಲೆ ಬಾಗಿದಳು. “ನಮ್ಮ ಕಾಗದ ಒಳಗೈತೋ ಇಲ್ಲೋ, ಅಣ್ಣಾ?”

“ಐತಿ ಯಕ್ಕಾ. ಯಾವ ಗಂಟನ್ಯಾಗ ಅನ್ನೂದು ಇದಕ್ಕಷ್ಟ ಗೊತ್ತು.”

“ಚಲೋ ಆತು! ನಂಗ ಗೊತ್ತಿಲ್ಲ, ನಿಂಗ ಗೊತ್ತಿಲ್ಲ, ಗೊತ್ತಿದ್ದದ್ದು ಬಾಯಿ ಬಿಡೂದಿಲ್ಲ.”

ಲಾಡಸಾಬ ತಲೆ ಕೆರೆದುಕೊಂಡು ಮತ್ತೆ ಫೋನಿಗೆ ಬಾಯಿಟ್ಟ. “ದೇವಣ್ಣಾರ, ಕನ್ನಡ ಸಂಘದ ಕಾರ್ಯಕ್ರಮದಾಗ ಮೊದಲ ಉದ್ಘಾಟಕರು ದೀಪಾ ಹಚ್ಚತಾರ. ಅಧ್ಯಕ್ಷರು ಯಾವಾಗ ಮಾತಾಡ್ತಾರ್ರಿ?”

“ಕಡೀಕ.”

“ಇಲ್ಲೂ ಹಂಗರೀ. ಮಾಂತೇಶಣ್ಣ ಬರೇ ಉದ್ಘಾಟಕ.”

ದೇವು ಮೆಲ್ಲಗೆ ಕೇಳಿದ: “ಅಂದ್ರ ನಾ ಅಧ್ಯಕ್ಷ?”

“ಮತ್ತ್ಯಾರ್ರೀ? ಆದ್ರ ಅಧ್ಯಕ್ಷರು ನಡುವ ಎದ್ದು ಹ್ವಾದ್ರ ಸಭಾ ಮುರೀತೈತಿ. ಮಿಷನ್ ಚಾಲೂ ಮಾಡಿ ಕೂಡ್ರಿ. ಉಳದವ್ರದು ಮುಗದ ಮ್ಯಾಲ ನಿಮ್ಮ ಸರದಿ.”

ಕುಡಚಡೆಯ ಕಂಪ್ಯೂಟರು ಹಳೆಯ ಆವೃತ್ತಿಯಲ್ಲೇ ಎದ್ದಿತು. ಫಾತೋರ್ಡಾದ ಪರದೆ ಮಿನುಗಿ ಹನುಮವ್ವನ ನಂಬರು ತೋರಿಸಿತು. ಗಂಟು ಕೌದಿಗಳ ಅಡಿಯಲ್ಲಿತ್ತು. ಅವಳು ಅಲ್ಲೇ ಬಿಚ್ಚಿ, ಕಡಕ್ ರೊಟ್ಟಿಗಳ ನಡುವಿದ್ದ ಟಿ.ಸಿ.ಯನ್ನು ಸೆರಗಿನಲ್ಲಿ ಒರೆಸಿ, ರೊಟ್ಟಿ ಅಲ್ಲೇ ಬಿಟ್ಟು ಓಡಿದಳು.

ಸೀಟು ಸಿಕ್ಕಿತೆಂದು ಹೇಳಲು ಅವಳು ಶಾಲೆಯಿಂದ ಎಷ್ಟು ಸಲ ಫೋನ್ ಮಾಡಿದರೂ ಲೈನು ಬಿಜಿ. ಪರ್ವರಿಯದು ಬರೆದು ಮುಗಿಸಲೆಂದು ಲಾಡಸಾಬ ಕಾಯುತ್ತ ಕೂತಿದ್ದ. ದೇವು ಅವನಿಗೆ ಫೋನಿನಲ್ಲಿ ಅಧ್ಯಕ್ಷೀಯ ಭಾಷಣ ಓದಿ ಹೇಳುತ್ತಿದ್ದ. ಕೊನೆಗೆ ಹನುಮವ್ವ ಮಗಳ ಕೈ ಹಿಡಿದುಕೊಂಡು ತಾನೇ ಬಂದಳು. ಲಾಡಸಾಬ ಫೋನನ್ನು ಕಿವಿಗೇ ಒತ್ತಿಕೊಂಡು ಹುಡುಗಿಗೆ ಒಂದು ರೊಟ್ಟಿ ಮುರಿದು ಕೊಟ್ಟ.