ತಂಗಿಯ ಮನೆ, ನನ್ನ ಪವರು

ತಂಗಿ ಓದಲಿಕ್ಕೆ ಜರ್ಮನಿಗೆ ಹೊರಟಾಗ ತನ್ನ ಮನೆಯ ಪವರ್ ಆಫ್ ಅಟಾರ್ನಿಯನ್ನು ನನ್ನ ಹೆಂಡತಿಯ ಹೆಸರಿಗೆ ಮಾಡಿಸುವವಳಿದ್ದಳು. ಅದು ನನ್ನ ಹೆಸರಿಗೆ ಹೇಗೆ ಬಂತು ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಊಟ ಬಿಟ್ಟೆ.

ಪೂರ್ತಿ ಬಿಟ್ಟೆ ಎಂದರೆ ಸುಳ್ಳಾಗುತ್ತದೆ. ಮನೆಯಲ್ಲಿ ಬಿಟ್ಟೆ. ಕೆಲಸದ ಜಾಗದಲ್ಲಿ ವಡಾಪಾವ್ ತಿನ್ನುತ್ತಿದ್ದೆ.

ನಮ್ಮಪ್ಪ ಯಾದಗಿರಿ ಕಡೆಯಿಂದ ಪುಣೆಗೆ ಗೋಡೆ ಕಟ್ಟುವ ಗವಂಡಿ ಕೆಲಸಕ್ಕೆ ಬಂದವನು. ನಾನು ಏಳನೇ ಇಯತ್ತೆಗೆ ಶಾಲೆ ಬಿಟ್ಟು ಟೈಲ್ಸ್ ಹಾಕುವ ಕೆಲಸ ಕಲಿತೆ. ತಂಗಿ ಬಿಡಲಿಲ್ಲ. ನರ್ಸ್ ಆದಳು, ಆಸ್ಪತ್ರೆಯಲ್ಲಿ ದುಡಿದಳು, ಬ್ಯಾಂಕಿನ ಸಾಲ ತೆಗೆದು ಬಿಬವೇವಾಡಿಯಲ್ಲಿ ನಮ್ಮ ಬಾಡಿಗೆ ಖೋಲಿಯ ಹತ್ತಿರವೇ ಒಂದು ಸಣ್ಣ ಫ್ಲ್ಯಾಟ್ ಕೊಂಡಳು. ಅದರ ನೆಲಕ್ಕೆ ಟೈಲ್ಸ್ ಹಾಕಿದವನು ನಾನೇ. ಆಮೇಲೆ ಸಂಜೆ ಕ್ಲಾಸಿಗೆ ಹೋಗಿ ಜರ್ಮನ್ ಕಲಿತಳು, ಅಲ್ಲಿ ಮುಂದಿನ ಓದಿಗೆ ಜಾಗವೂ ಸಿಕ್ಕಿತು. ಆಕೆಯ ಯೋಜನೆ ಸರಳವಿತ್ತು. ಆಕೆ ಅಲ್ಲಿರುವಷ್ಟು ದಿನ ಇಲ್ಲಿನ ಮನೆ ಬಾಡಿಗೆಗೆ ಹೋಗಬೇಕು, ಬಾಡಿಗೆಯಲ್ಲಿ ಬ್ಯಾಂಕಿನ ಕಂತು ತುಂಬಬೇಕು, ಆಕೆ ನಿಶ್ಚಿಂತೆಯಿಂದ ಓದಬೇಕು. ಬಾಡಿಗೆಯವರನ್ನು ನೋಡಲು, ಸಹಿ ಹಾಕಲು, ಬ್ಯಾಂಕಿನವರ ಮುಂದೆ ನಿಲ್ಲಲು ಆಕೆಯ ಪರವಾಗಿ ಇಲ್ಲಿ ಒಬ್ಬರು ಬೇಕು. ಅದಕ್ಕೇ ಆ ಕಾಗದ.

"ಅಣ್ಣಾ, ನಿನ್ನ ಮ್ಯಾಲ ನಂಬಿಕಿ ಇಲ್ಲಂತಲ್ಲ. ನಿನಗ ಯಾರಿಗೂ ಇಲ್ಲಾ ಅನ್ಲಿಕ್ಕೆ ಬರಂಗಿಲ್ಲ. ವೈನಿಗೆ ಬರ್ತದ," ಎಂದಳು. ವೈನಿ ಎಂದರೆ ಅತ್ತಿಗೆ, ನನ್ನ ಹೆಂಡತಿ.

"ಮನಿಗೆ ಹಿರ್ಯಾಂವ ನಾನು. ಹೆಂಡ್ತಿ ಹೆಸರಿಗೆ ಮಾಡಿಸಿದ್ರ ನಾಕು ಮಂದಿ ಏನಂದಾರು?"

"ನಾಕು ಮಂದಿಗೆ ಯಾರು ಹೇಳ್ತಾರ? ವಕೀಲಗ ಗೊತ್ತಿರ್ತದ, ಬ್ಯಾಂಕಿನವ್ರಿಗೆ ಗೊತ್ತಿರ್ತದ. ಮುಗೀತು."

ಈ ಮಾತಿನಿಂದ ನನಗೆ ಸಿಟ್ಟು ಇನ್ನೂ ಏರಿತು. ನಾಕು ಮಂದಿಗೆ ಗೊತ್ತಾಗದ ಅಧಿಕಾರ ಇದ್ದೂ ಏನು ಉಪಯೋಗ? ಅಂದಿನಿಂದ ತಾಟಿನ ಮುಂದೆ ಕೂಡುವುದನ್ನು ಬಿಟ್ಟೆ. ಕಡೆಗೆ ಹೆಂಡತಿಯೇ ತಂಗಿಗೆ ಹೇಳಿದಳು: "ಅವರಿಗೇ ಕೊಟ್ಟುಬಿಡವಾ. ಆ ಮಾರಿ ನೋಡ್ಲಿಕ್ಕೆ ಆಗವಲ್ದು. ದಿನಾ ವಡಾಪಾವ್ ತಿಂದ್ರ ಹೊಟ್ಟಿ ಏನಾಗಬೇಕು?"

ವಡಾಪಾವಿನ ಸುದ್ದಿ ಆಕೆಗೆ ಯಾರು ಹೇಳಿದರೋ ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯವೂ ಬಂದಿಲ್ಲ.

ವಕೀಲ ಇಂಗ್ಲಿಷಿನಲ್ಲಿ ಬರೆದದ್ದನ್ನೆಲ್ಲ ಮರಾಠಿಯಲ್ಲಿ ಓದಿ ಹೇಳಿದ. ಮನೆ ನೋಡಿಕೊಳ್ಳುವುದು, ಬಾಡಿಗೆಗೆ ಕೊಡುವುದು, ಕರಾರಿಗೆ ಸಹಿ ಮಾಡುವುದು, ಸೊಸೈಟಿಯ ಸಭೆಗೆ ಹೋಗುವುದು, ಎಲ್ಲ ಇತ್ತು. ಮಾರುವ ಅಧಿಕಾರ ಮಾತ್ರ ಇರಲಿಲ್ಲ. ಮಾರಬೇಕೆಂದು ನಾನು ಕನಸಿನಲ್ಲೂ ಅಂದುಕೊಂಡವನಲ್ಲ. ಆದರೂ ಇಲ್ಲ ಎಂದ ಕೂಡಲೇ ಮನಸ್ಸು ಅದಕ್ಕೇ ಹೋಯಿತು.

"ಹಂಗಾದ್ರ ಇದು ಪೂರ್ತಿ ಪವರ್ ಅಲ್ಲ," ಎಂದೆ.

"ಟೈಲ್ಸ್ ಹಾಕಲಿಕ್ಕೆ ಕರೆದವ್ರು ಮನೀನೂ ನಿನ್ನ ಹೆಸರಿಗೆ ಬರಕೊಡ್ತಾರೇನು?" ಎಂದಳು ತಂಗಿ. ವಕೀಲನಿಗೆ ಕನ್ನಡ ಬರುತ್ತಿರಲಿಲ್ಲ. ಆದರೂ ತಲೆ ತಗ್ಗಿಸಿ ನಕ್ಕ.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಇನ್ನೊಂದು ಫಜೀತಿ. ಯಂತ್ರದ ಮೇಲೆ ಹೆಬ್ಬೆಟ್ಟು ಒತ್ತಿದರೆ ಅದು ಒಪ್ಪಲೇ ಇಲ್ಲ. ವರ್ಷಗಟ್ಟಲೆ ಸಿಮೆಂಟು ಉಜ್ಜಿ ನನ್ನ ಬೆರಳಿನ ಗೆರೆಗಳೆಲ್ಲ ಸವೆದುಹೋಗಿವೆ. ಕಂಪ್ಯೂಟರಿನ ಮುಂದೆ ಕೂತ ಹುಡುಗಿ, "ಮಾಮಾ, ನಿಮಗೆ ಹೆಬ್ಬೆಟ್ಟೇ ಇಲ್ಲವಲ್ಲ," ಎಂದು ಮರಾಠಿಯಲ್ಲಿ ಅಂದಳು. ಹಿಂದೆ ನಿಂತ ಜನ ನಕ್ಕರು. ತಂಗಿ ತನ್ನ ಓಢಣಿಯ ತುದಿಯನ್ನು ನೀರಲ್ಲಿ ಅದ್ದಿ ನನ್ನ ಬೆರಳನ್ನು ಮಗುವಿನ ಬಾಯಿ ಒರೆಸಿದ ಹಾಗೆ ಒರೆಸಿದಳು. "ದೇವ್ರೂ ಬ್ಯಾಡ ಅನ್ಲಿಕತ್ತಾನ ನೋಡು. ಇನ್ನೂ ಟೈಮ್ ಅದ, ವೈನಿನ್ನ ಕರಸ್ಲೇನು?" ಎಂದಳು. ನಾನು ಮೈಯ ಭಾರವನ್ನೆಲ್ಲ ಬಿಟ್ಟು ಒತ್ತಿದೆ. ಯಂತ್ರ ಒಪ್ಪಿತು.

ಹೊರಗೆ ಬಂದು ಚಹಾ ಕುಡಿಯುವಾಗ ಆಕೆ ಕಾಗದವನ್ನು ನನ್ನ ಕೈಗೆ ಕೊಟ್ಟು ಹೇಳಿದಳು: "ಇದರಾಗ ಹೂಂ ಅನ್ನೋ ಅಧಿಕಾರ ಅದ, ಇಲ್ಲಾ ಅನ್ನೋ ಅಧಿಕಾರಾನೂ ಅದ. ಎರಡ್ನೇದ್ದು ಜಾಸ್ತಿ ಬಳಸು ಅಣ್ಣಾ."

ಹೂಂ ಎಂದೆ.

ಆಕೆ ಹೋದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಆ ಕಾಗದದ ಝೆರಾಕ್ಸ್ ತೆಗೆಸಿದ್ದು. ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜೊತೆಯಲ್ಲೇ ಇಟ್ಟುಕೊಂಡು ತಿರುಗುತ್ತಿದ್ದೆ. ಬಿಲ್ಡಿಂಗಿನ ವಾಚಮನ್‌ಗೆ ತೋರಿಸಿದೆ. ಅವನು ಕುರ್ಚಿಯಿಂದ ಎದ್ದು ನಿಂತ. ನಾನು ಬಂದಾಗ ಯಾರಾದರೂ ಎದ್ದು ನಿಂತದ್ದು ಅದೇ ಮೊದಲು. ಊರಿಗೂ ಫೋನ್ ಮಾಡಿದೆ. ತಂಗಿ ಸುಖವಾಗಿ ಮುಟ್ಟಿದಳು ಎಂದು ಹೇಳುವುದೇ ನೆಪ. ಮಾತಿನ ನಡುವೆ, "ಇಲ್ಲಿ ನನ್ನ ಕೈಯಾಗ ಒಂದು ಮನಿ ಖಾಲಿ ಅದ," ಎಂದೂ ಹೇಳಿದೆ.

ಬೇಗನೇ ಊರಿನಿಂದ ನಮ್ಮಪ್ಪನ ತಮ್ಮ, ಕಾಕಾನ ಫೋನ್ ಬಂತು. "ಜೇಜುರಿಗೆ ಹೊಂಟೀವಿ ತಮ್ಮಾ. ಹ್ವಾದ ಸಲ ಸ್ಟೇಷನ್ನದಾಗ ಮಲಗಿದ್ವಿ. ನಿಂದ ಮನಿ ಅದಲ್ಲ ಈಗ. ಒಂದು ದಿನದ ಮಾತು."

ನಮ್ಮ ಕಡೆಯ ಮಂದಿ ಪುಣೆ ಹತ್ತಿರದ ಜೇಜುರಿಯ ದೇವರಿಗೆ ಭಾಳ ನಡಕೊಳ್ಳುವವರು. ದೇವರ ಹೆಸರಲ್ಲಿ ಹೊರಟವರಿಗೆ ಇಲ್ಲ ಎನ್ನಲು ಯಾವ ಕಾಗದದಲ್ಲಿ ಬರೆದಿದೆ? ಬರ್ರಿ ಎಂದೆ. ಕಾಕಾ ಒಂದು ಜೀಪು ತುಂಬಾ ಜನ ಕರೆತಂದ. ಹೋಗುವಾಗ ಒಂದು ರಾತ್ರಿ ಉಳಿದರು, ದರ್ಶನ ಮುಗಿಸಿ ಬಂದು ಇನ್ನೊಂದು ರಾತ್ರಿ ಉಳಿದರು. ಜೇಜುರಿಯಲ್ಲಿ ಅರಿಷಿಣದ ಭಂಡಾರವನ್ನು ಮುಗಿಲಿಗೆ ತೂರುತ್ತಾರೆ. ತಿರುಗಿ ಬಂದವರ ಕೂದಲಲ್ಲಿ, ಹುಬ್ಬಲ್ಲಿ, ಅಂಗಿಯ ಕಿಸೆಯಲ್ಲೆಲ್ಲ ಅದೇ. ಹಾಗೆಯೇ ಬಂದು ತಂಗಿಯ ಬಿಳಿ ಗೋಡೆಗೆ ಒರಗಿ ಕೂತರು. ಹುಡುಗರು ಅಂಗೈ ಒತ್ತಿ ಆಡಿದರು. ಹೊರಡುವ ಮುಂಚೆ ಕಾಕಾ ಪಡಸಾಲೆಯ ನಡುವೆ ನಿಂತು, "ಏಳುಕೋಟಿ ಏಳುಕೋಟಿಗೋ," ಎಂದು ಕೂಗಿ, ಉಳಿದ ಭಂಡಾರವನ್ನೆಲ್ಲ ನಾಲ್ಕೂ ಕಡೆ ತೂರಿದ. "ನಿನ್ನ ಮನಿಗೆ ಛಲೋ ಆಗ್ತದ ತಮ್ಮಾ."

ನಿನ್ನ ಮನಿ ಎಂದದ್ದನ್ನು ನಾನು ತಿದ್ದಲಿಲ್ಲ.

ಅವರು ಹೋಗಿ ಊರಲ್ಲಿ ಹೇಳಿದರು, ಮತ್ತೊಂದು ಜೀಪು ಬಂತು. ನಾನು ಅಪ್ಪನ ಹೆಸರು ಉಳಿಸಿದೆನಂತೆ, ಪುಣೆಯಲ್ಲಿ ಧರ್ಮಶಾಲೆ ತೆರೆದ ಹಾಗಾಯಿತಂತೆ. ಸೊಸೈಟಿಯ ಸೆಕ್ರೆಟರಿ ಮೆಟ್ಟಿಲ ಮೇಲಿನ ಹಳದಿ ಹೆಜ್ಜೆಗಳನ್ನು ತೋರಿಸಿ ಕೇಳಿದರೆ ಪ್ಲಾಸ್ಟಿಕ್ ಚೀಲ ಬಿಚ್ಚಿ ಕಾಗದ ತೋರಿಸಿದೆ. ಅದನ್ನು ಓದಿ, "ಇದರಲ್ಲಿ ಬಾಡಿಗೆಗೆ ಕೊಡಬೇಕು ಅಂತ ಇದೆಯಲ್ಲ?" ಎಂದ. ನಾನು ಇಂಗ್ಲಿಷ್ ಬಾರದವನ ಹಾಗೆ ನಿಂತೆ. ಅದಕ್ಕೆ ನಾಟಕ ಬೇಕಿರಲಿಲ್ಲ.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಬಾಡಿಗೆಗೆ ಕೇಳಿಕೊಂಡು ಜನ ಬರಲಿಲ್ಲ ಎಂದಲ್ಲ. ಹತ್ತಿರದ ಶಾಲೆಯೊಂದರಲ್ಲಿ ಕಲಿಸುವ ಗಂಡ-ಹೆಂಡತಿ ಬಂದಿದ್ದರು. ಸಭ್ಯರು. ಹಳದಿ ಗೋಡೆ ನೋಡಿ, "ಬಣ್ಣ ಹಚ್ಚಿಸಿಕೊಟ್ಟರೆ ಸಾಕು," ಎಂದರು. ಮುಂಗಡ ಕೈಯಲ್ಲೇ ಹಿಡಿದಿದ್ದರು. ಆದರೆ ಸೋಮವತಿ ಅಮಾವಾಸ್ಯೆ ಹತ್ತಿರವಿತ್ತು, ಅಂದು ಜೇಜುರಿಗೆ ಭಾರೀ ಜನ. ಕಾಕಾನ ಬೀಗರು ಬರುತ್ತೇವೆಂದು ಹೇಳಿಕಳಿಸಿದ್ದರು, ನಾನು ಹೂಂ ಎಂದಿದ್ದೆ. ಆ ಮಾಸ್ತರರಿಗೆ, "ಬರೋ ತಿಂಗಳು ನೋಡೋಣ," ಎಂದೆ. ಬದುಕಿನಲ್ಲಿ ನಾನು ಇಲ್ಲ ಎಂದದ್ದು ಅವರೊಬ್ಬರಿಗೇ. ಅವರು ಬೇರೆ ಮನೆ ಹಿಡಿದರು.

ತಂಗಿ ಫೋನಿನಲ್ಲಿ ಕೇಳಿದಾಗ, "ಯಾರೂ ಬರವಲ್ರು. ಬಜಾರ ಥಂಡ ಅದ," ಎಂದೆ. ಪುಣೆಯಲ್ಲಿ, ಖಾಲಿ ಮನೆಯ ಬೋರ್ಡು ಹಾಕಿದ ಅಂಟು ಒಣಗುವುದರೊಳಗೆ ಮನೆ ಹೋಗುವ ಊರಿನಲ್ಲಿ.

"ಇರ್ಲಿ ಬಿಡು ಅಣ್ಣಾ. ನೋಡೋಣ," ಎಂದಳು. ಕಂತನ್ನು ಹೇಗೆ ತುಂಬುತ್ತಿದ್ದಾಳೆ ಎಂದು ನಾನು ಕೇಳಲಿಲ್ಲ. ಕೇಳಿದರೆ ಹೇಳುತ್ತಿದ್ದಳು, ಅದಕ್ಕೇ ಕೇಳಲಿಲ್ಲ. ನನ್ನ ಹೆಂಡತಿ ಒಂದು ದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ನಿಮ್ಮ ತಂಗಿ ಅಲ್ಲಿ ಐತವಾರನೂ ಮುದುಕರ ಆಶ್ರಮದಾಗ ಕೆಲಸಕ್ಕ ಹೊಂಟಾಳ. ಓದ್ಲಿಕ್ಕೆ ಟೈಮ್ ಸಿಗವಲ್ದಂತ," ಎಂದಳು. ಆ ರೊಟ್ಟಿಗೆ ಬಿದ್ದ ಪೆಟ್ಟು ಸ್ವಲ್ಪ ಜೋರಾಗಿಯೇ ಇತ್ತು.

"ಸೋಮವತಿ ಮುಗೀಲಿ," ಎಂದೆ.

ಮುಗಿಯಿತು. ಬೀಗರು ಬಂದು ಹೋದರು, ಗೋಡೆ ಇನ್ನೊಂದು ಪದರ ಹಳದಿಯಾಯಿತು. ಅಷ್ಟರಲ್ಲಿ ತಂಗಿಯದೇ ಫೋನ್. ಆಕೆಯ ಹಳೆಯ ಆಸ್ಪತ್ರೆಯ ನರ್ಸ್ ಒಬ್ಬಳಿಗೆ ಮನೆ ಬೇಕಾಗಿದೆ. "ಐತವಾರ ಮಧ್ಯಾಹ್ನ ವೀಡಿಯೊ ಕಾಲ್ ಮಾಡ್ತೀನಿ. ಆಕಿನೂ ಲೈನ್ ಮ್ಯಾಲ ಇರ್ತಾಳ. ನೀ ಮನ್ಯಾಗ ನಿಂತು ತೋರಿಸು."

ಐತವಾರ ಬೆಳಿಗ್ಗೆ ನಾನು ಕೆಲಸದ ಜಾಗದಲ್ಲಿ ಉಳಿದಿದ್ದ ಸುಣ್ಣ ತಂದು ಕಲಸಿದೆ. ಒಳ್ಳೆಯ ಬಣ್ಣಕ್ಕೆ ಖರ್ಚು, ಪೇಂಟರನ್ನು ಕರೆದರೆ ಸುದ್ದಿ. ಒಂದು ಕೋಟು ಸುಣ್ಣ ಬಳಿದರೆ ಫೋನಿನಲ್ಲಿ ಬೆಳ್ಳಗೆ ಕಾಣುತ್ತದೆ, ಉಳಿದದ್ದು ಆಮೇಲೆ ನೋಡಿದರಾಯಿತು ಎಂದು ಲೆಕ್ಕ ಹಾಕಿದೆ. ಬ್ರಷ್ ಅದ್ದಿ ಗೋಡೆಯ ಮೇಲೆ ಒಂದು ಎಳೆ ಎಳೆದೆ.

ಅರಿಷಿಣಕ್ಕೆ ಸುಣ್ಣ ತಾಗಿದರೆ ಏನಾಗುತ್ತದೆ ಎನ್ನುವುದು ನಮ್ಮ ಮಂದಿಯಲ್ಲಿ ಲಂಗ ಹಾಕುವ ಹುಡುಗಿಗೂ ಗೊತ್ತು. ದೃಷ್ಟಿ ತೆಗೆಯುವಾಗ, ಮದುಮಕ್ಕಳಿಗೆ ಆರತಿ ಎತ್ತುವಾಗ, ತಾಟಿನಲ್ಲಿ ಕೆಂಪು ನೀರು ಮಾಡುವುದೇ ಹಾಗೆ. ನನಗೂ ಗೊತ್ತಿತ್ತು. ನನ್ನ ಮದುವೆಯಲ್ಲಿ ನನ್ನ ಮುಂದೆಯೇ ಎತ್ತಿದ್ದರು. ಆದರೆ ಗೋಡೆ ಎಂದರೆ ಗೋಡೆ, ಆರತಿ ಎಂದರೆ ಆರತಿ ಎಂದು ನನ್ನ ತಲೆ ಬೇರೆ ಬೇರೆ ಇಟ್ಟುಕೊಂಡಿತ್ತೋ ಏನೋ. ಗೋಡೆ ಕೆಂಪಗಾಯಿತು. ಅದನ್ನು ಮುಚ್ಚಲು ಇನ್ನೊಂದು ಕೈ ಬಳಿದೆ, ಇನ್ನಷ್ಟು ಹರಡಿತು. ಹುಡುಗರ ಹಳದಿ ಅಂಗೈಗಳೆಲ್ಲ ಕೆಂಪು ಅಂಗೈಗಳಾಗಿ ಕೆಳಗೆ ಸೋರತೊಡಗಿದವು.

ಹೆಂಡತಿ ಬಾಗಿಲಲ್ಲಿ ಬಂದು ನಿಂತಳು. ಗೋಡೆ ನೋಡಿದಳು. "ಇಡೀ ಮನಿಗೆ ಆರತಿ ಎತ್ತೀರಿ. ಇನ್ನ ಯಾರ ದೃಷ್ಟೀನೂ ತಾಗಂಗಿಲ್ಲ ಬಿಡ್ರಿ," ಎಂದಳು.

ಆಗಲೇ ಫೋನ್ ಬಡಿಯಿತು. ಎತ್ತದೆ ಇರಬಹುದಿತ್ತು. ಹೆಂಡತಿ ಎತ್ತಿದಳು, ಎತ್ತಿ ಗೋಡೆಯ ಕಡೆಗೇ ಹಿಡಿದಳು.

ಆ ಕಡೆಯಿಂದ ತಂಗಿಯ ದನಿ, ಆಸ್ಪತ್ರೆಯಲ್ಲಿ ಮಾತಾಡುವಂಥ ಗಟ್ಟಿ ದನಿ: "ಅಣ್ಣಾ, ಯಾರಿಗೆ ಪೆಟ್ಟಾಗ್ಯದ? ಕೂಡಿಸಬ್ಯಾಡ್ರಿ, ಮಲಗಿಸ್ರಿ. ವೈನಿ ಎಲ್ಲಿದ್ದಾಳ?"

"ಯಾರಿಗೂ ಏನೂ ಆಗಿಲ್ಲವಾ," ಎಂದೆ. "ಇದು ಭಂಡಾರ. ಜೇಜುರಿದು."

"ನಮ್ಮ ಮನ್ಯಾಗ ಜೇಜುರಿ ಹೆಂಗ ಬಂತು?"

ಹೆಂಡತಿ ಹೇಳಿದಳು, ಮೊದಲ ಜೀಪಿನಿಂದ ಹಿಡಿದು. ತಂಗಿ ಎಲ್ಲ ಕೇಳಿ, "ವೈನಿ, ಈ ವಾರದಾಗ ನಾ ಇಲ್ಲಿ ಕಚೇರಿಗೆ ಹೋಗಿ ಬರ್ತೀನಿ," ಎಂದಷ್ಟೇ ಹೇಳಿ ಇಟ್ಟಳು. ನಮ್ಮ ದೇಶದ ಕಚೇರಿ ಅಲ್ಲಿದೆಯಂತೆ. ಅಲ್ಲಿ ಹೋಗಿ ನನ್ನ ಪವರನ್ನು ರದ್ದು ಮಾಡಿ, ನನ್ನ ಹೆಂಡತಿಯ ಹೆಸರಿಗೆ ಹೊಸದು ಮಾಡಿ ಟಪಾಲಿನಲ್ಲಿ ಕಳಿಸಿದಳು. ಅದಕ್ಕಾಗಿ ಆಕೆ ಒಂದು ದಿನದ ಪಾಠ ತಪ್ಪಿಸಿಕೊಂಡಳು ಎಂದು ಆಮೇಲೆ ತಿಳಿಯಿತು.

ನನ್ನ ಹೆಂಡತಿ ಗೋಡೆ ಕೆರೆಸಿದಳು, ಪೇಂಟರಿಂದ ಬಣ್ಣ ಹಚ್ಚಿಸಿದಳು, ಖರ್ಚನ್ನು ನನ್ನ ಕೂಲಿಯಲ್ಲಿ ಮುರಿದುಕೊಂಡಳು. ಕಾಕಾ ಫೋನ್ ಮಾಡಿದಾಗ, "ಮನಿ ಬಾಡಿಗಿಗೆ ಹೋಗ್ಯದ್ರಿ ಮಾವಾ, ಜೇಜುರ್ಯಾಗ ಛಲೋ ಛಲೋ ಲಾಡ್ಜ್ ಆಗ್ಯಾವಂತ," ಎಂದಳು. ಕಾಕಾ ಸಿಟ್ಟಾಗಲಿಲ್ಲ. ಇಷ್ಟು ಸುಲಭವಿತ್ತೇ ಎಂದುಕೊಳ್ಳುತ್ತ ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಂಡೆ. ಆ ನರ್ಸ್ ಬಂದು ಮನೆ ಹಿಡಿದಳು, ಕಂತು ತಾನಾಗಿ ಹೋಗತೊಡಗಿತು.

ತಂಗಿ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ನಾನೂ ಏನಾದರೂ ಅಂದು ಲೆಕ್ಕ ಚುಕ್ತಾ ಮಾಡಿಕೊಳ್ಳುತ್ತಿದ್ದೆ. ಆಕೆ ಗೋಡೆಯ ಕತೆಯನ್ನು ಅಲ್ಲಿನ ಗೆಳತಿಯರಿಗೆ ಹೇಳಿ ನಗಿಸಿದಳಂತೆ. ಆದರೆ ಮಾಸ್ತರರ ವಿಷಯ ಆಕೆಗೆ ಗೊತ್ತಿರಲಿಲ್ಲ, ನನ್ನ ಹೆಂಡತಿಗೂ ಗೊತ್ತಿರಲಿಲ್ಲ. ತಂಗಿ ಒಂದು ಪರೀಕ್ಷೆಯಲ್ಲಿ ನಪಾಸಾದಳೆಂದು ಕೇಳಿದ ದಿನ ನಾನೇ ಫೋನ್ ಮಾಡಿ ಹೇಳಿದೆ. ಜನ ಬಂದಿದ್ದರು, ಮುಂಗಡ ತಂದಿದ್ದರು, ನಾನೇ ಕಳಿಸಿದೆ, ಬಜಾರ ಥಂಡ ಇರಲಿಲ್ಲ ಎಂದೆ.

"ಅಂದ್ರ ಆ ಐತವಾರಗಳು..." ಎಂದು ಅಲ್ಲಿಗೇ ನಿಲ್ಲಿಸಿದಳು.

"ಹೌದವಾ," ಎಂದೆ.

"ಪರೀಕ್ಷೆ ಮತ್ತ ಕೊಡ್ತೀನಿ. ಫೋನ್ ವೈನಿಗೆ ಕೊಡು," ಎಂದಳು.

ಮತ್ತೆ ಪರೀಕ್ಷೆ ಕೊಟ್ಟಳು, ಪಾಸಾದಳು. ಆ ಸುದ್ದಿಯನ್ನು ಹೆಂಡತಿಯೇ ನನಗೆ ಹೇಳಿದಳು.

ಹೋದ ವಾರ ತಂಗಿಯ ಮನೆಯ ಬಚ್ಚಲಲ್ಲಿ ಒಂದು ಟೈಲ್ಸ್ ಬಿಚ್ಚಿತ್ತು. ಬಾಡಿಗೆಯವಳು ನನ್ನ ಹೆಂಡತಿಗೆ ಫೋನ್ ಮಾಡಿದಳು, ಹೆಂಡತಿ ನನ್ನನ್ನು ಕಳಿಸಿದಳು. ಕರಣಿ, ಸಿಮೆಂಟಿನ ಬುಟ್ಟಿ ಹಿಡಿದು ಹೋಗಿ ಬಾಗಿಲು ಬಡಿದೆ. ಆಕೆ ಸರಪಳಿ ತೆಗೆಯದೆ ಅರ್ಧ ಬಾಗಿಲಲ್ಲೇ, "ಯಾರು?" ಎಂದಳು. ಮನೆ ಮಾಲಕೀಣಬಾಯಿಯ ಅಣ್ಣ ಎಂದೆ.

"ಒಂದು ನಿಮಿಷ ಹಾಂ ಕಾಕಾ, ಕಾಕೂನ್ನ ಕೇಳಿ ತೆಗೀತೀನಿ," ಎಂದು ಬಾಗಿಲು ಹಾಕಿಕೊಂಡಳು. ಒಳಗೆ ಆಕೆ ಫೋನಿನಲ್ಲಿ ನನ್ನ ಹೆಂಡತಿಯ ಜೊತೆ ಮಾತಾಡುವುದು ಕೇಳಿಸುತ್ತಿತ್ತು. ನಾನು ಮೆಟ್ಟಿಲ ಹತ್ತಿರ ಬುಟ್ಟಿ ಇಳಿಸಿ ನಿಂತೆ. ತಂಗಿಗೆ ಒಳ್ಳೆಯ ಬಾಡಿಗೆಯವಳೇ ಸಿಕ್ಕಿದ್ದಾಳೆ. ಕಂಡವರನ್ನೆಲ್ಲ ಒಳಗೆ ಬಿಡುವವಳಲ್ಲ.